ಆದ್ಯತೆ ಬೇಡ, ಗೇಜ್ ಬರೆದುಕೊಡಿ

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಕೆಳಭಾಗದ ಒಂದು ಪಟ್ಟಣದಲ್ಲಿ ನಾನು ನೀರು ಸರಬರಾಜು ವಿಭಾಗದ ಎಂಜಿನಿಯರ್ ಆಗಿದ್ದೆ. ಅಲ್ಲಿ ಬೋರ್‌ವೆಲ್ ಕೊರೆದರೆ ಬರುವುದು ಹೆಚ್ಚಾಗಿ ಉಪ್ಪು ನೀರು. ಕುಡಿಯಲು ಕಾಲುವೆಯೇ ಗತಿ. ಏಪ್ರಿಲ್ ಹೊತ್ತಿಗೆ ಕಾಲುವೆ ಬಂದ್ ಆದರೆ ಮತ್ತೆ ನೀರು ಕಾಣುವುದು ಮಳೆ ಹಿಡಿದು ಜಲಾಶಯಕ್ಕೆ ಒಳಹರಿವು ಬಂದ ಮೇಲೆ. ನಡುವಿನ ಅಷ್ಟೂ ದಿನ ಊರು ಬದುಕುವುದು ಕೆರೆಯಲ್ಲಿ ತುಂಬಿಸಿಟ್ಟ ನೀರಿನ ಮೇಲೆ. ಹಳೆಯ ಕೆರೆ ಮೇ ತಿಂಗಳಲ್ಲೇ ತಳ ಕಾಣುತ್ತಿತ್ತು. ಹೊಸ ಕೆರೆಗೆ, ಅದಕ್ಕಿಂತ ಮುಖ್ಯವಾಗಿ ಅದನ್ನು ತುಂಬಿಸುವ ಹಕ್ಕಿಗೆ, ಓಡಾಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಲೆಕ್ಕ. ಮೂವತ್ತು ವರ್ಷ ಮುಂದಿನ ಜನಸಂಖ್ಯೆಯನ್ನು ಒಂದು ಲಕ್ಷ ಎಂದು ಹಿಡಿದೆ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಸೋರಿಕೆಗೆ ಶೇ 15 ಸೇರಿಸಿದರೆ ದಿನಕ್ಕೆ ಸುಮಾರು 1.55 ಕೋಟಿ ಲೀಟರ್. ಕಾಲುವೆ ಇಲ್ಲದ 120 ದಿನಕ್ಕೆ 186 ಕೋಟಿ. ಇದಿಷ್ಟನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡುತ್ತಾರೆ; ಬಿಸಿಲಿನ ಪಾಲನ್ನು ಮಾತ್ರ ಮರೆಯುತ್ತಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ ದಿನಕ್ಕೆ ಎಂಟು ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿದರೂ 120 ದಿನದಲ್ಲಿ ಕೆರೆ ಹತ್ತಿರ ಹತ್ತಿರ ಒಂದು ಮೀಟರ್ ಇಳಿಯುತ್ತದೆ. ಎಂಬತ್ತು ಎಕರೆ ಕೆರೆಯಲ್ಲಿ ಅದು 31 ಕೋಟಿ ಲೀಟರ್, ಅಂದರೆ ಊರಿನ ಇಪ್ಪತ್ತು ದಿನದ ನೀರು. ಹಾಗಾಗಿ ಅಗಲ ಕಡಿಮೆ ಮಾಡಿ ಆಳ ಹೆಚ್ಚಿಸಿ ಎಂದು ಹಟ ಹಿಡಿದೆ. ಗುತ್ತಿಗೆದಾರರಿಗೆ ಆಳ ಅಗೆಯುವುದು ಇಷ್ಟವಿಲ್ಲ, ಕೆಳಗೆ ಬಂಡೆ ಸಿಗುತ್ತದೆ ಎಂಬ ಹೆದರಿಕೆ.

ನೀರಿನ ಹಂಚಿಕೆ ಕೇಳಲು ನೀರಾವರಿ ಅಧಿಕಾರಿಗಳ ಬಳಿ ಹೋದಾಗ ಎದುರಾದ ಮಾತು ಒಂದೇ: ಇರುವ ನೀರೆಲ್ಲ ಹಂಚಿ ಮುಗಿದಿದೆ, ನಿಮಗೆ ಎಲ್ಲಿಂದ ಕೊಡುವುದು? 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ಅಂತಿಮ ಆದೇಶದಲ್ಲಿ ನಮ್ಮಂಥವರಿಗೆ ಒಂದು ಸಾಲು ಇದೆ. ಗೃಹಬಳಕೆಗೆ ಮತ್ತು ಪಟ್ಟಣಗಳಿಗೆ ಎತ್ತಿದ ನೀರಿನಲ್ಲಿ ಶೇ 20ನ್ನು ಮಾತ್ರ ಬಳಕೆ ಎಂದು ಲೆಕ್ಕ ಹಿಡಿಯಬೇಕು. ನಮ್ಮ ಒಂದು ಲಕ್ಷ ಜನಕ್ಕೆ ವರ್ಷವಿಡೀ ಬೇಕಾದದ್ದು 566 ಕೋಟಿ ಲೀಟರ್, ಅಂದರೆ 0.2 ಟಿಎಂಸಿ. ರಾಜ್ಯದ ಖಾತೆಗೆ ಬೀಳುವುದು 0.04. ಅರ್ಜಿಯ ಮೊದಲ ಪುಟದಲ್ಲಿ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದ ಮೇಲೆ ಚರ್ಚೆಯ ಧಾಟಿಯೇ ಬದಲಾಯಿತು.

ಹಂಚಿಕೆ ಆದೇಶ ಕೈಗೆ ಬಂದಾಗ ಕಚೇರಿಯಲ್ಲಿ ಪೇಡೆ ಹಂಚಿದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಆದೇಶದ ಪ್ರತಿಯನ್ನು ಕೆರೆಗೆ ಹಾಕಿದರೆ ಕೆರೆ ತುಂಬುವುದಿಲ್ಲವಲ್ಲ.

ಕಾಲುವೆ ಸಾಗುವ ದಾರಿಯಲ್ಲಿ ಭತ್ತದ ಗದ್ದೆಗಳಿವೆ, ದಂಡೆಯ ಮೇಲೆ ಪಂಪ್‌ಸೆಟ್‌ಗಳಿವೆ. ಮಾರ್ಚ್‌ನಲ್ಲಿ ಎರಡನೇ ಬೆಳೆ ಹಾಲುಗಟ್ಟುವ ಹೊತ್ತು. ಮೇಲಿನ ರೈತನಿಗೆ ಕೊನೆಯ ಒಂದು ನೀರು ತಪ್ಪಿದರೆ ವರ್ಷದ ದುಡಿಮೆ ಹೋಯಿತು. ಅವನನ್ನು ಕಳ್ಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ಜಿಲ್ಲಾಧಿಕಾರಿಗಳು ಪಂಪ್‌ಸೆಟ್ ನಿಷೇಧಿಸಿ ಆದೇಶ ಹೊರಡಿಸುತ್ತಾರೆ. ಆದರೆ ಕಾಲುವೆಯ ಮೇಲ್ಭಾಗ ಕೊಪ್ಪಳ ಜಿಲ್ಲೆಯಲ್ಲಿ, ಕೆಳಭಾಗ ರಾಯಚೂರಿನಲ್ಲಿ. ನಮ್ಮ ಜಿಲ್ಲೆಯ ಆದೇಶ ಗಡಿಯಾಚೆ ನಡೆಯುವುದಿಲ್ಲ. ಎರಡೂ ಕಡೆ ಒಂದೇ ದಿನ ಆದೇಶ ಹೊರಡುವಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು.

ಕಾಲುವೆಗೆ ಯಾವಾಗ ಎಷ್ಟು ನೀರು ಎಂದು ತೀರ್ಮಾನಿಸುವ ಮುನಿರಾಬಾದಿನ ನೀರಾವರಿ ಸಲಹಾ ಸಮಿತಿ ಸಭೆಗೆ ಸಲ್ಲಿಸುವ ಟಿಪ್ಪಣಿಯನ್ನು ಅದೇ ಕಾರಣಕ್ಕೆ ಬದಲಿಸಿದೆ. ಹಿಂದಿನ ನಡಾವಳಿಗಳಲ್ಲಿ ‘ಕುಡಿಯುವ ನೀರಿಗೆ ಆದ್ಯತೆ ನೀಡುವುದು’ ಎಂದಿರುತ್ತಿತ್ತು. ಆ ಸಾಲನ್ನು ಹಿಡಿದು ಯಾರ ಬಳಿ ಹೋಗಿ ಏನು ಕೇಳುವುದು? ನಾನು ಕೇಳಿದ್ದು ಬೇರೆ: ಕಾಲುವೆ ಬಂದ್ ಆಗುವ ಮುನ್ನ ಹದಿನೈದು ದಿನ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ನಮ್ಮ ತೂಬಿಗೆ 60 ಕ್ಯುಸೆಕ್; ಅದಕ್ಕಾಗಿ 69 ಮತ್ತು 104ನೇ ಮೈಲಿನಲ್ಲಿ ಇಷ್ಟಿಷ್ಟು ಅಡಿ ಗೇಜ್, ಅಂದರೆ ಕಾಲುವೆಯಲ್ಲಿನ ನೀರಿನ ಮಟ್ಟ. ಕಾಲುವೆಯವರು ಈಗಲೂ ಮೈಲು, ಅಡಿಯಲ್ಲೇ ಮಾತಾಡುತ್ತಾರೆ. ಅವರ ಭಾಷೆಯಲ್ಲೇ ಬರೆದರೆ ನೆಪಕ್ಕೆ ಜಾಗವಿರುವುದಿಲ್ಲ. ಗೇಜ್ ಅರ್ಧ ಅಡಿ ಇಳಿದರೆ ಆ ಹೊತ್ತಿಗೇ ಫೋನ್ ಮಾಡಬಹುದು.

ಇನ್ನೊಂದು ಜಗಳ ತೂಬಿನ ಹೊಸ್ತಿಲ, ಅಂದರೆ ನೀರು ಒಳನುಗ್ಗುವ ಬಾಯಿಯ ತಳದ, ಮಟ್ಟದ್ದು. ನಕ್ಷೆಯಲ್ಲಿ ನಮ್ಮ ತೂಬಿನ ಹೊಸ್ತಿಲು ಪಕ್ಕದ ವಿತರಣಾ ಕಾಲುವೆಯದಕ್ಕಿಂತ ಎತ್ತರದಲ್ಲಿತ್ತು. ಕಾಲುವೆ ಅರ್ಧ ಹರಿದರೆ ಅವರಿಗೆ ನೀರು, ನಮಗೆ ಒದ್ದೆ ಮಣ್ಣು. ಲೆವೆಲ್ ಯಂತ್ರ ಇಟ್ಟು ಅಳೆದು ತೋರಿಸಿ ಕೆಳಗಿಳಿಸಿ ಎಂದೆ. ನೀರಾವರಿ ಎಂಜಿನಿಯರರು ಒಪ್ಪಲಿಲ್ಲ, ಹೂಳು ನುಗ್ಗುತ್ತದೆ ಎಂದರು. ಮುಂದೆ ಹೂಳುಗುಂಡಿ ಕಟ್ಟಿ ನಾವೇ ತೆಗೆಸುತ್ತೇವೆ ಎಂದು ಪುರಸಭೆಯಿಂದ ಬರೆದುಕೊಟ್ಟ ಮೇಲೆ ಒಪ್ಪಿದರು. ಕಾಂಕ್ರೀಟ್ ಹಾಕಿದ ದಿನ ಅಲ್ಲಿದ್ದ ಗ್ಯಾಂಗ್‌ಮನ್, ‘ಸಾಹೇಬರೇ, ಈಗ ನಿಮ್ಮ ಊರಿಗೆ ನೀರು ಬರದಿದ್ದರೆ ನನ್ನನ್ನು ಕೇಳಿ’ ಎಂದ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ ನೀರು ನದಿಗೆ ಹರಿಯತೊಡಗಿದಾಗ ನನಗೆ ಹಳೆಯ ಸಹೋದ್ಯೋಗಿಗಳಿಂದ ಫೋನ್‌ಗಳು ಬಂದವು. ನಾನು ಹೇಳಿದ್ದು ಇಷ್ಟೇ: ಬೇಸಿಗೆಯ ತನಕ ಕಾಯಬೇಡಿ, ಕಾಲುವೆಯಲ್ಲಿ ನೀರಿರುವಾಗಲೇ ಕೆರೆಯನ್ನು ಕಂಠಮಟ್ಟ ತುಂಬಿಸಿಕೊಳ್ಳಿ, ಹೂಳುಗುಂಡಿ ತೆಗೆಸಿದ್ದೀರಾ ನೋಡಿ.