ಬಾಕ್ಸ್ ಕಾರ್ ರೇಸರ್ ಹಾಡುಗಳು ನನ್ನ ಕೈಗೆ ಹತ್ತಿದ್ದು ಹೀಗೆ

ಗಿಟಾರ್ ಬಾರಿಸುವ ನನ್ನ ಗೆಳೆಯರಲ್ಲೇ ಹಲವರಿಗೆ ಪಾಪ್ ಪಂಕ್ ಅನ್ನುವ ವೇಗದ ರಾಕ್ ಸಂಗೀತ ಅಂದ್ರೆ ಸಸಾರ. ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಜೋರು ಗಲಾಟೆ, ಮುಗೀತು ಅನ್ನುತ್ತಾರೆ. ನನಗೆ ಬಾಕ್ಸ್ ಕಾರ್ ರೇಸರ್ ಹಾಡುಗಳು ಕೈಗೆ ಹತ್ತಲು ತಿಂಗಳುಗಟ್ಟಲೆ ಹಿಡಿಯಿತು.

ಇದು ಕ್ಯಾಲಿಫೋರ್ನಿಯಾದ ತಂಡ. ಒಂದೇ ಒಂದು ಆಲ್ಬಂ, 2002ರ ಮೇ ತಿಂಗಳಲ್ಲಿ ಬಂತು. ಮುಂದೆ ತಂಡ ಹೆಚ್ಚು ದಿನ ಉಳಿಯಲಿಲ್ಲ. ಬ್ಲಿಂಕ್-182 ಎಂಬ ಪಾಪ್ ಪಂಕ್ ತಂಡದ ಗಿಟಾರ್ ವಾದಕ, ಗಾಯಕ ಟಾಮ್ ಡಿಲಾಂಗ್ ಬೆನ್ನುನೋವಿನಲ್ಲಿ ನರಳುತ್ತಿದ್ದ ದಿನಗಳ ಹಾಡುಗಳಿವು. ಬ್ಲಿಂಕ್‌ನ ತಮಾಷೆಯ ಜೊತೆ ಇವನ್ನು ಸೇರಿಸಲಿಕ್ಕೆ ಆಗುತ್ತಿರಲಿಲ್ಲ, ಅಷ್ಟು ಭಾರ. ಡ್ರಮ್‌ಗೆ ಅದೇ ತಂಡದ ಟ್ರಾವಿಸ್ ಬಾರ್ಕರ್ ಬಂದರು, ಇನ್ನೊಂದು ಗಿಟಾರಿಗೆ ಡೇವಿಡ್ ಕೆನಡಿ. ಹೊರಗುಳಿದ ಬ್ಲಿಂಕ್ ಸದಸ್ಯ ಮಾರ್ಕ್ ಹಾಪಸ್‌ಗೆ ತುಂಬಾ ಬೇಜಾರಾಗಿತ್ತು. ಆದರೂ ‘ಎಲಿವೇಟರ್’ ಹಾಡಿನಲ್ಲಿ ಅವರ ದನಿ ಇದೆ. ಅದು ಗೊತ್ತಿದ್ದು ಕೇಳಿದರೆ ಆ ಹಾಡು ಇನ್ನೂ ಒಳಗಿಳಿಯುತ್ತದೆ.

ಮೊದಲು ನಾನು ಗಿಟಾರ್ ಮುಟ್ಟಲೇ ಇಲ್ಲ. ಬರೀ ಡ್ರಮ್ ಕೇಳಿದೆ. ಬಾರ್ಕರ್ ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿ ಪಳಗಿದವರು, ಅವರ ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಪೆಟ್ಟು ಅಷ್ಟು ಬಿಗಿ. ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲಿನ ಹಾಗೆ ಆ ಪೆಟ್ಟುಗಳನ್ನು ಬಾಯಲ್ಲಿ ಹೇಳಿಕೊಂಡು ತೊಡೆ ತಟ್ಟುತ್ತಿದ್ದೆ. ಬಾಯಿಗೆ ಬಂದದ್ದು ಬಲಗೈಗೂ ಬಂತು. ಈ ಸಂಗೀತದಲ್ಲಿ ಗಿಟಾರೂ ಅರ್ಧ ಡ್ರಮ್ಮೇ ಅಲ್ವಾ!

ಆಮೇಲೆ ಪಾಮ್ ಮ್ಯೂಟ್, ಅಂದರೆ ತಂತಿಯ ನಾದವನ್ನು ಅಂಗೈಯಿಂದ ಅರ್ಧ ಅದುಮಿ ನುಡಿಸುವುದು. ಬಲ ಅಂಗೈಯ ಕಿರುಬೆರಳ ಕಡೆಯ ಅಂಚನ್ನು ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಬ್ರಿಜ್‌ಗೆ ತಾಗಿಸಿ ಇಡಬೇಕು. ಜಾಸ್ತಿ ಮುಂದೆ ಸರಿದರೆ ಸ್ವರವೇ ಸತ್ತು ಬರೀ ಟಪ್ ಟಪ್. ಹಿಂದೆ ಹೋದರೆ ತಂತಿ ಗುಂಯ್ ಅನ್ನುತ್ತದೆ. ಪಿಕ್ (ತಂತಿ ಮೀಟುವ ಬಿಲ್ಲೆ) ಹೊಡೆತ ಎಲ್ಲವೂ ಕೆಳಮುಖ. ಮೇಲೆ ಕೆಳಗೆ ಆಡಿಸಿದರೆ ವೇಗವೇನೋ ಸಿಗುತ್ತದೆ, ಪೆಟ್ಟಿನ ತೂಕ ಒಂದೇ ಸಮ ಬರುವುದು ಕಷ್ಟ. ಮಣಿಕಟ್ಟು ಸಡಿಲ ಇರಲಿ. ಮೊಣಕೈಯಿಂದ ಹೊಡೆದರೆ ಹಾಡು ಮುಗಿಯುವ ಮೊದಲೇ ತೋಳು ಸೋಲುತ್ತದೆ.

ಈ ಹಾಡುಗಳ ತುಂಬ ಇರುವ ಪವರ್ ಕಾರ್ಡಿನಲ್ಲಿ ಷಡ್ಜ, ಪಂಚಮ, ಮೇಲಿನ ಷಡ್ಜ, ಅಷ್ಟೇ. ಮಾಮೂಲಿ ಕಾರ್ಡಿನಲ್ಲಿರುವ ಗಾಂಧಾರ ಬಿಟ್ಟಿದ್ದಕ್ಕೆ ಕಾರಣ ಇದೆ. ಸ ಮತ್ತು ಪ ನಡುವಿನ ಕಂಪನದ ಲೆಕ್ಕ 2:3. ಇಷ್ಟು ಸರಳ ಇರುವುದರಿಂದ ಡಿಸ್ಟಾರ್ಷನ್ (ಗಿಟಾರ್ ನಾದವನ್ನು ಒರಟಾಗಿಸುವ ಪರಿಣಾಮ) ಹಾಕಿದರೂ ಕಲಸಿಹೋಗುವುದಿಲ್ಲ. ಸುಮ್ನೆ ಒಂದ್ಸಲ ಗಾಂಧಾರ ಸೇರಿಸಿ ಕೇಳಿ, ನಾದ ರಾಡಿಯಾಗುತ್ತದೆ.

ಡಿಲಾಂಗ್ ಶೈಲಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಆಕ್ಟೇವ್, ಅಂದರೆ ಒಂದು ಸ್ವರವನ್ನೂ ಅದರ ಮೇಲಿನ ಸ್ಥಾಯಿಯ ಅದೇ ಸ್ವರವನ್ನೂ ಒಟ್ಟಿಗೆ ನುಡಿಸುವುದು. ಐದನೇ ತಂತಿಯಲ್ಲಿ ತೋರುಬೆರಳು, ಎರಡು ಫ್ರೆಟ್ (ಗಿಟಾರಿನ ಮೆಟ್ಟಿಲು) ಮುಂದೆ ಮೂರನೇ ತಂತಿಯಲ್ಲಿ ಉಂಗುರ ಬೆರಳು. ನಡುವಿನ ನಾಲ್ಕನೇ ತಂತಿ ಉಸಿರೆತ್ತಬಾರದು. ತೋರುಬೆರಳನ್ನು ಸ್ವಲ್ಪ ಮಲಗಿಸಿದರೆ ಸಾಕು, ಅದು ಮುಚ್ಚಿಕೊಳ್ಳುತ್ತದೆ. ಆಮೇಲೆ ಪಿಕ್ಕನ್ನು ಧೈರ್ಯವಾಗಿ ಎಳೆಯಬಹುದು, ಬೇಕಾದ ಎರಡೇ ಸ್ವರ ಕೇಳಿಸುತ್ತವೆ.

ಬೆಂಗಳೂರಿನ ಜ್ಯಾಮ್ ರೂಮಿನಲ್ಲಿ (ತಂಡಗಳು ಅಭ್ಯಾಸ ಮಾಡುವ ಕೋಣೆ) ನಾವು ಎರಡು ಗಿಟಾರ್ ಇಟ್ಟುಕೊಂಡು ನುಡಿಸುತ್ತೇವೆ. ಒಬ್ಬರು ಪವರ್ ಕಾರ್ಡ್, ಇನ್ನೊಬ್ಬರು ಆಕ್ಟೇವ್. ಇಬ್ಬರೂ ಗೇನ್, ಅಂದರೆ ಡಿಸ್ಟಾರ್ಷನ್ನಿನ ಪ್ರಮಾಣ, ಇಳಿಸಿಯೇ ಇಡುತ್ತೇವೆ. ಇಲ್ಲದಿದ್ದರೆ ಸ್ನೇರ್ ಕೇಳಿಸುವುದೇ ಇಲ್ಲ. ಸ್ನೇರ್ ಕೇಳದಿದ್ದರೆ ಈ ಹಾಡುಗಳಲ್ಲಿ ಜೀವವೇ ಇರುವುದಿಲ್ಲ.

ಹೊಸದಾಗಿ ಕಲಿಯುವವರು ‘ದೇರ್ ಈಸ್’ನಿಂದ ಶುರು ಮಾಡಿ. ಅಕೂಸ್ಟಿಕ್ ಗಿಟಾರ್ ಸಾಕು, ಆಂಪ್ (ಧ್ವನಿ ಹೆಚ್ಚಿಸುವ ಪೆಟ್ಟಿಗೆ) ಬೇಡ. ಆಮೇಲೆ ‘ಐ ಫೀಲ್ ಸೋ’ಗೆ ಬನ್ನಿ. ಅದರ ಶುರುವಿನಲ್ಲಿ ಪಿಯಾನೋ ಇದೆ. ನಮ್ಮಲ್ಲಿ ಪಿಯಾನೋ ಇಲ್ಲ, ಹಾಗಾಗಿ ಆ ಭಾಗವನ್ನು ಗಿಟಾರಿನಲ್ಲೇ ಮೆಲ್ಲಗೆ ನುಡಿಸಿ, ಡ್ರಮ್ ಪೂರ್ತಿ ಜೋರಾದ ಮೇಲೆಯೇ ಡಿಸ್ಟಾರ್ಷನ್ ಪೆಡಲ್ ಒತ್ತುತ್ತೇವೆ.