ಲಂಡನ್ನಿನ ನ್ಯೂಹ್ಯಾಮ್ ಬರೋ: ಹಳೆಯ ಚರಿತ್ರೆ ಹುಡುಕುವುದು ಹೇಗೆ?

ನ್ಯೂಹ್ಯಾಮ್ ಬರೋ (ಲಂಡನ್ನಿನ ಒಂದು ಆಡಳಿತ ವಿಭಾಗ) ಶುರುವಾಗಿದ್ದು 1965ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ವೆಸ್ಟ್ ಹ್ಯಾಮ್, ಈಸ್ಟ್ ಹ್ಯಾಮ್ ಬೇರೆ ಬೇರೆ ಊರುಗಳು, ಎರಡೂ ಎಸೆಕ್ಸ್ ಕೌಂಟಿ (ಜಿಲ್ಲೆ) ಕಡೆಯವು. ಹಾಗಾಗಿ ಹಳೆಯ ದಾಖಲೆಗೆ 'ನ್ಯೂಹ್ಯಾಮ್' ಅಂತ ಸುಮ್ನೆ ಹುಡುಕಬೇಡಿ. ಹಳೆಯ ಊರಿನ ಹೆಸರಿನ ಜೊತೆ ಎಸೆಕ್ಸ್ ಸೇರಿಸಿ.

ಮೊದಲು ಟೌನ್ ಹಾಲ್ ನೋಡಿ. ಸ್ಟ್ರಾಟ್‌ಫರ್ಡ್‌ನದು (ಅಂದರೆ ವೆಸ್ಟ್ ಹ್ಯಾಮಿನದು) 1869ರದ್ದು, ಈಸ್ಟ್ ಹ್ಯಾಮಿನದು 1903ರದ್ದು. ಒಂದೇ ಬರೋಗೆ ಎರಡೆರಡು ಯಾಕೆ ಅಂತ ಗೊತ್ತಾಯ್ತಲ್ವಾ?

ಆಮೇಲೆ ಹಳೆಯ ನಕ್ಷೆ. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಲೀ ನದಿಯ ಪೂರ್ವಕ್ಕೆ ಕಾರ್ಖಾನೆಗಳು ಎಷ್ಟು ಜಾಸ್ತಿ ನೋಡಿ: 1844ರ ಕಟ್ಟಡ ಕಾಯ್ದೆ ಲಂಡನ್ ಒಳಗೆ ಗಬ್ಬುನಾತದ ಉದ್ಯಮಗಳಿಗೆ ಕಡಿವಾಣ ಹಾಕಿತ್ತು, ನದಿಯಾಚೆ ಆ ಕಾಯ್ದೆ ನಡೆಯುತ್ತಿರಲಿಲ್ಲ, ಸಾಬೂನು, ರಾಸಾಯನಿಕದವರೆಲ್ಲ ವೆಸ್ಟ್ ಹ್ಯಾಮಿಗೆ ಬಂದರು. 1855ರಲ್ಲಿ ರಾಯಲ್ ವಿಕ್ಟೋರಿಯಾ ಡಾಕ್ (ಹಡಗುಕಟ್ಟೆ) ಬಂದ ಮೇಲೆ ಕೂಲಿಕಾರರೂ ತುಂಬಿಕೊಂಡರು. ಕಾರ್ಮಿಕ ನಾಯಕ ಕೀರ್ ಹಾರ್ಡಿ 1892ರಲ್ಲಿ ಸಂಸತ್ತಿಗೆ ಗೆದ್ದಿದ್ದೂ ಇಲ್ಲಿಂದಲೇ.

ಗ್ರೀನ್ ಸ್ಟ್ರೀಟ್ ಉದ್ದಕ್ಕೂ ಒಮ್ಮೆ ನಡೆಯಿರಿ, ಎರಡು ಊರುಗಳ ಹಳೆಯ ಗಡಿ ಅದೇ. ತಮಾಷೆ ಅಂದ್ರೆ, ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ 2016ರವರೆಗೆ ಆಡಿದ್ದು ಈಸ್ಟ್ ಹ್ಯಾಮ್ ಕಡೆಯ ಮೈದಾನದಲ್ಲಿ!

ಬರೋಗೆ ಸೇರಿದ ನಾರ್ತ್ ವುಲಿಚ್ ಮಾತ್ರ ಬೇರೆ ಕಥೆ. ಥೇಮ್ಸ್‌ನ ಉತ್ತರ ದಡದಲ್ಲಿದ್ದರೂ 1889ಕ್ಕೂ ಹಿಂದೆ ಅದು ಕೆಂಟ್ ಕೌಂಟಿಗೆ ಸೇರಿತ್ತು, ದಾಖಲೆಯನ್ನು ಅಲ್ಲೇ ಹುಡುಕಿ.