ಪಾಲಿಕೆ ಬಾಂಡಿನ ಸಾಲ ತೀರಿಸೋ ಕೆಲಸ: ನನ್ನ ಅನುಭವ

ಪಾಲಿಕೆ ಬಾಂಡ್, ಅಂದ್ರೆ ನಗರ ಪಾಲಿಕೆ ಹೂಡಿಕೆದಾರರಿಗೆ ಸಾಲಪತ್ರ ಕೊಟ್ಟು ಎತ್ತೋ ಸಾಲ, ಅದರ ಬಗ್ಗೆ ಪೇಪರಲ್ಲಿ ಬರೋದು ಸ್ಟಾಕ್ ಎಕ್ಸ್‌ಚೇಂಜಲ್ಲಿ ಗಂಟೆ ಬಾರಿಸೋ ಫೋಟೋ ಒಂದೇ. ಆಮೇಲೆ ಹತ್ತು ವರ್ಷ ಆ ಸಾಲ ಯಾರು ಹೆಂಗೆ ತೀರಿಸ್ತಾರೆ ಅಂತ ಯಾರೂ ಕೇಳಲ್ಲ. ನನ್ನ ಪಾಲಿಗೆ ಬಂದಿದ್ದು ಅದೇ ಕೆಲಸ. ಊರು ದಾವಣಗೆರೆ ಕಡೆ, ಓದಿದ್ದು ಸಿಎ, ಕೆಲಸ ಮಾಡಿದ್ದು ಕರ್ನಾಟಕದ ಹೊರಗಿನ ಒಂದು ಮಹಾನಗರ ಪಾಲಿಕೆಗೆ ಅಕೌಂಟ್ಸ್ ಕನ್ಸಲ್ಟೆಂಟ್ ಆಗಿ, ಹೆಸರು ಬೇಡ ಬಿಡಿ.

ಈ ಕೆಲಸದ ತಲೆನೋವು ಏನಂದ್ರೆ ದುಡ್ಡು ಬರೋ ಟೈಮೇ ಬೇರೆ, ಕೊಡೋ ಟೈಮೇ ಬೇರೆ. ಬಾಂಡಿನ ಬಡ್ಡಿ ಆರು ತಿಂಗಳಿಗೊಮ್ಮೆ ಕೊಡಬೇಕು, ಆದ್ರೆ ಆಸ್ತಿ ತೆರಿಗೆ ಸುರಿಯೋದು ರಿಯಾಯಿತಿ ಇರೋ ತಿಂಗಳುಗಳಲ್ಲಿ. ನಮ್ ಕರ್ನಾಟಕದಲ್ಲೂ ಏಪ್ರಿಲ್ ಒಳಗೆ ಕಟ್ಟಿದ್ರೆ 5 ಪರ್ಸೆಂಟ್ ಬಿಡ್ತಾರಲ್ಲ, ಅಲ್ಲೂ ಅದೇ ಥರ. ಜೂನ್ ದಾಟಿತು ಅಂದ್ರೆ ಕಲೆಕ್ಷನ್ ಒಣಗುತ್ತೆ, ಆಮೇಲೆ ಮಾರ್ಚಲ್ಲಿ ನೋಟಿಸ್ ಕೊಟ್ಟು ಜಪ್ತಿ ಅಂತ ಹೆದರಿಸಿದಾಗ ಮತ್ತೆ ಸ್ವಲ್ಪ. ಮಧ್ಯದಲ್ಲಿ ಕಂಟ್ರಾಕ್ಟರುಗಳು ಬಿಲ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ, ಅಕೌಂಟಲ್ಲಿ ದುಡ್ಡು ಕಂಡ್ರೆ ಯಾವ ಕಮಿಷನರಿಗೂ ಕೈ ತಡೆಯಲ್ಲ.

ಅದಕ್ಕೇ ಎಸ್ಕ್ರೋ. ತೆರಿಗೆ ದುಡ್ಡೆಲ್ಲ ಮೊದಲು ಆ ಒಂದು ಅಕೌಂಟಿಗೆ ಬೀಳಬೇಕು, ಅಲ್ಲಿಂದ ಆ ತಿಂಗಳ ಪಾಲು ಬಡ್ಡಿ ಅಕೌಂಟಿಗೂ ಅಸಲಿಗಂತ ಇಟ್ಟಿರೋ ಸಿಂಕಿಂಗ್ ಫಂಡಿಗೂ ಹೋಗಿ, ಉಳಿದಿದ್ದು ಮಾತ್ರ ಪಾಲಿಕೆ ಖರ್ಚಿಗೆ. ನಮ್ಮಲ್ಲಿ ಪಿಗ್ಮಿ ಕಟ್ಟಿದ ಹಾಗೆ ಅನ್ಕೊಳ್ಳಿ, ದಿನದ ವ್ಯಾಪಾರದಿಂದಲೇ ಮೊದಲು ಎತ್ತಿಡೋದು. ಇದಕ್ಕೆ ಯಾರ ಸಹಿನೂ ಬೇಕಿಲ್ಲ, ಬ್ಯಾಂಕೇ ಮಾಡುತ್ತೆ, ಬಾಂಡ್ ಕೊಂಡೋರ ಪರವಾಗಿ ಕಾಯೋ ಡಿಬೆಂಚರ್ ಟ್ರಸ್ಟಿ ಕಣ್ಣಿಟ್ಟಿರ್ತಾರೆ. ಬಡ್ಡಿ ದಿನಕ್ಕೆ ಮೂರ್ನಾಲ್ಕು ವಾರ ಮೊದಲೇ ದುಡ್ಡು ಪೂರ್ತಿ ಇರಬೇಕು, ಇಲ್ಲಾಂದ್ರೆ ಟ್ರಸ್ಟಿಯಿಂದ ಮೇಲ್ ಶುರು.

ಕೇಳೋಕೆ ಚೆನ್ನಾಗಿದೆ, ಆದ್ರೆ ವಾರ್ಡ್ ಆಫೀಸುಗಳು ಹಳೇ ಬ್ಯಾಂಕ್ ಅಕೌಂಟು ಬಿಡಲ್ಲ. ಆನ್‌ಲೈನಲ್ಲಿ ಕಟ್ಟಿದ್ದು ಸೀದಾ ಎಸ್ಕ್ರೋಗೆ ಬರುತ್ತೆ, ಕೌಂಟರಲ್ಲಿ ಕಟ್ಟಿದ ಚೆಕ್ಕು ಎಲ್ಲೋ ಬೇರೆ ಕಡೆ ಜಮಾ ಆಗಿರುತ್ತೆ, ಅದ್ರಲ್ಲಿ ಒಂದಷ್ಟು ಬೌನ್ಸ್ ಬೇರೆ. ನಾನು ಜಾಸ್ತಿ ಸಮಯ ಕಳೆದಿದ್ದು ಇಂಥ ಅಕೌಂಟುಗಳನ್ನ ಹುಡುಕಿ ಮುಚ್ಚಿಸೋದ್ರಲ್ಲಿ, ಮುಚ್ಚೋಕಾಗದ ಕಡೆ ದಿನದ ಕೊನೆಗೆ ಬ್ಯಾಲೆನ್ಸ್ ತಾನಾಗೇ ಎಸ್ಕ್ರೋಗೆ ಹೋಗೋ ಹಾಗೆ ಬ್ಯಾಂಕಿಗೆ ಲೆಟರ್ ಬರೆಸೋದ್ರಲ್ಲಿ. ಹಣಕಾಸಿನ ಜಾಣತನ ಏನೂ ಇಲ್ಲ ಇದ್ರಲ್ಲಿ, ಬರೀ ಗುಮಾಸ್ತೆ ಕೆಲಸ, ಆದ್ರೆ ಬಾಂಡ್ ನಿಂತಿರೋದೇ ಅದ್ರ ಮೇಲೆ.

ಇನ್ನು ಅಸಲು. ಉದಾಹರಣೆಗೆ 200 ಕೋಟಿ, 8.5 ಪರ್ಸೆಂಟ್, 10 ವರ್ಷ ಅಂತ ಇಟ್ಕೊಳ್ಳಿ, 2020ರಲ್ಲಿ ಲಕ್ನೋ ಪಾಲಿಕೆ ಎತ್ತಿದ್ದು ಇಷ್ಟೇ ಮೊತ್ತ ಇದೇ ದರಕ್ಕೆ. ಅಸಲು ಪೂರ್ತಿ ಕೊನೇಲಿ ಒಂದೇ ಸಲ ಕೊಡೋದಾದ್ರೆ ವರ್ಷಕ್ಕೆ ಬಡ್ಡಿ 17 ಕೋಟಿ, ಜೊತೆಗೆ ಸಿಂಕಿಂಗ್ ಫಂಡಿಗೆ ಸುಮಾರು 15 ಕೋಟಿ ಹಾಕ್ತಾ ಹೋಗ್ಬೇಕು, ಅದು 6 ಪರ್ಸೆಂಟ್ ದುಡಿದ್ರೆ ಕೊನೆಗೆ 200 ಆಗುತ್ತೆ. ಒಟ್ಟು ಜೇಬಿಂದ ಹೋಗೋದು 322 ಕೋಟಿ ಹತ್ರ. ಅದೇ ವರ್ಷಕ್ಕೆ 20 ಕೋಟಿ ಅಸಲು ತೀರಿಸ್ತಾ ಬಂದ್ರೆ 293.5 ಕೋಟಿಗೆ ಮುಗಿಯುತ್ತೆ, ಯಾಕಂದ್ರೆ 8.5ಕ್ಕೆ ಸಾಲ ತಂದು 6ಕ್ಕೆ ಎಫ್‌ಡಿ ಇಡೋ ಹುಚ್ಚಾಟ ಅಲ್ಲಿರಲ್ಲ. ಹೌದು, ಮೊದಲ ವರ್ಷ 37 ಕೋಟಿ ಬೇಕು, ಹೊರೆ ಶುರುವಲ್ಲೇ ಜಾಸ್ತಿ, ಅದಕ್ಕೇ ಯಾರಿಗೂ ಇಷ್ಟ ಆಗಲ್ಲ. ನನ್ನ ಕೇಳಿದ್ರೆ ಎರಡು ವರ್ಷಕ್ಕೊಬ್ಬ ಕಮಿಷನರ್ ಬದಲಾಗೋ ಕಡೆ ಕೊನೇ ವರ್ಷಕ್ಕೆ ಎಲ್ಲಾ ಅಸಲು ಗುಡ್ಡೆ ಹಾಕ್ಲೇಬಾರದು. 2023ರಲ್ಲಿ ಇಂದೋರ್ 244 ಕೋಟಿ ಪಬ್ಲಿಕ್ ಇಶ್ಯೂ ಮಾಡಿದಾಗ, ಅಂದ್ರೆ ಬಾಂಡನ್ನ ಸಾಮಾನ್ಯ ಜನಕ್ಕೂ ಮಾರಿದಾಗ, ಅಸಲನ್ನ 3, 5, 7, 9 ವರ್ಷಕ್ಕೆ ನಾಲ್ಕು ಭಾಗ ಮಾಡ್ತು, ಅದು ನಂಗೆ ಸರಿ ಅನ್ಸುತ್ತೆ.

ಅಂದಹಾಗೆ ಈಗಿನ ಥರದ ಪಾಲಿಕೆ ಬಾಂಡ್ ದೇಶದಲ್ಲಿ ಮೊದಲು ಎತ್ತಿದ್ದು ನಮ್ ಬೆಂಗಳೂರೇ, 1997ರಲ್ಲಿ, 125 ಕೋಟಿ, ಆದ್ರೆ ರಾಜ್ಯ ಸರ್ಕಾರದ ಗ್ಯಾರಂಟಿ ಮೇಲೆ. ಮರುವರ್ಷ ಅಹಮದಾಬಾದ್ ಗ್ಯಾರಂಟಿ ಇಲ್ದೇ, ಆಕ್ಟ್ರಾಯ್ (ಊರೊಳಗೆ ಬರೋ ಸರಕಿನ ಮೇಲಿನ ಸುಂಕ) ವಸೂಲಿಯನ್ನ ಎಸ್ಕ್ರೋಗೆ ಹಾಕಿ 100 ಕೋಟಿ ತಂತು. ಗ್ಯಾರಂಟಿ ಇದ್ರೆ ಸಾಲ ಕೊಡೋನು ಪಾಲಿಕೆ ಲೆಕ್ಕ ಅಷ್ಟಾಗಿ ತಿರುವಿ ಹಾಕಲ್ಲ, ಇಲ್ದಿದ್ರೆ ಪಾಲಿಕೆನೇ ಲೆಕ್ಕ ನೆಟ್ಟಗೆ ಮಾಡ್ಕೋಬೇಕಾಗುತ್ತೆ, ಹಂಗಾಗಿ ಅಹಮದಾಬಾದಿನದ್ದೇ ಗಟ್ಟಿ ಕೆಲಸ ಅಂತ ನನ್ನ ಅನಿಸಿಕೆ. ಆದ್ರೆ ಒತ್ತೆ ಇಟ್ಟ ಆದಾಯಕ್ಕೂ ಆಯಸ್ಸಿರುತ್ತೆ, ಗುಜರಾತಲ್ಲಿ 2007ಕ್ಕೆ ಆಕ್ಟ್ರಾಯೇ ಹೋಯ್ತು, ಪುಣ್ಯಕ್ಕೆ ಆ ಬಾಂಡ್ 7 ವರ್ಷದ್ದು. ಇನ್ನೂ ಮಜಾ ಅಂದ್ರೆ 2005ರಲ್ಲಿ ಬೆಂಗಳೂರು ಸುತ್ತಲ ಬೊಮ್ಮನಹಳ್ಳಿ, ದಾಸರಹಳ್ಳಿ, ಯಲಹಂಕ, ಕೆಂಗೇರಿ ಇತ್ಯಾದಿ ಎಂಟು ಊರು ಸೇರಿಸಿ ನೀರಿನ ಯೋಜನೆಗೆ 100 ಕೋಟಿ ಎತ್ತಿದ್ರು, 2007ಕ್ಕೆ ಆ ಎಂಟೂ ಸ್ಥಳೀಯ ಸಂಸ್ಥೆಗಳು ಬಿಬಿಎಂಪಿಲಿ ಕರಗಿಹೋದ್ವು. ಸಾಲಗಾರ ಹೋದ್ರೂ ಸಾಲ ಇದ್ದೇ ಇರುತ್ತೆ. ಈಗ ಬಿಬಿಎಂಪಿನೂ ಒಡೆದು ಐದು ಪಾಲಿಕೆ ಆಗಿದೆ, ಯಾವ ಸಾಲ ಯಾರ ತಲೆಗೆ ಅಂತ ಹಂಚೋ ಅಕೌಂಟೆಂಟ್ ಮೇಲೆ ನಂಗೆ ಪೂರ್ತಿ ಕನಿಕರ ಇದೆ.

ನಮ್ಮ ಪಾಲಿಕೆಲಿ ದೊಡ್ಡ ಜಗಳ ಆಗಿದ್ದು ಕೇಂದ್ರದ ಇನ್ಸೆಂಟಿವ್ ಬಗ್ಗೆ. ಅಮೃತ್ ಯೋಜನೆಲಿ 100 ಕೋಟಿ ಬಾಂಡಿಗೆ 13 ಕೋಟಿ ಕೊಡ್ತಿದ್ರು, ಮ್ಯಾಕ್ಸಿಮಮ್ 26. ಕೌನ್ಸಿಲರುಗಳಿಗೆ ಅದು ವಾರ್ಡ್ ರಸ್ತೆಗೆ ಬೇಕಿತ್ತು, ನಾವು ಸಿಂಕಿಂಗ್ ಫಂಡಿಗೆ ಹಾಕಿ ಅಂತ ಹಠ ಹಿಡಿದ್ವಿ, ಕೊನೆಗೆ ಅರ್ಧ ಅರ್ಧ ಆಯ್ತು.

ಈ ಕೆಲಸಕ್ಕೆ ಬರೋರಿಗೆ ಎರಡು ಮಾತು. ಬಡ್ಡಿ ದಿನಾಂಕದ ವಿಷಯದಲ್ಲಿ ಮರ್ಚೆಂಟ್ ಬ್ಯಾಂಕರ್ (ಬಾಂಡ್ ಮಾರಿಸಿಕೊಡೋ ಸಂಸ್ಥೆ) ಹೇಳಿದ್ದಕ್ಕೆ ತಲೆ ಆಡಿಸಬೇಡಿ, ನಿಮ್ಮ ಮೂರು ವರ್ಷದ ತಿಂಗಳವಾರು ಕಲೆಕ್ಷನ್ ಮುಂದಿಟ್ಟು ಒಂದು ಕಂತು ಜುಲೈ ಆಸುಪಾಸಿಗೆ ಬರೋ ಹಾಗೆ ಕೂರಿಸ್ಕೊಳ್ಳಿ, ಜನವರಿಯ ಇನ್ನೊಂದು ಕಂತಿಗೂ ಜೂನ್ ಒಳಗೇ ಎತ್ತಿಡಿ. ಸಿಂಕಿಂಗ್ ಫಂಡ್ ಎಫ್‌ಡಿಗಳು ಮೆಚೂರ್ ಆಗೋ ದಿನ ಅಸಲು ಕೊಡೋ ದಿನಕ್ಕಿಂತ ಒಂದು ತಿಂಗಳಾದ್ರೂ ಮುಂಚೆ ಇರ್ಲಿ, ಟ್ರಸ್ಟಿ ಹೆಸರಿಗೆ ಲೀನ್ ಇರುತ್ತೆ, ಅಂದ್ರೆ ಅವರು ಒಪ್ಪದೆ ಆ ದುಡ್ಡು ಮುಟ್ಟೋ ಹಾಗಿಲ್ಲ, ಅದನ್ನ ಬಿಡಿಸ್ಕೊಂಡು ದುಡ್ಡು ಕೈಗೆ ಬರೋಕೆ ಬ್ಯಾಂಕಿನೋರು ಅವರ ಟೈಮ್ ತಗೊಂಡೇ ತಗೋತಾರೆ.